ಇಂಟರ್‌ಕೂಲರ್ ಎಷ್ಟು ಬಿಸಿ ತಡೆದುಕೊಳ್ಳುತ್ತದೆ? ಅಳೆದು ನೋಡುವ ಕ್ರಮ

ಟರ್ಬೊ ಅದುಮಿ ಬಿಸಿ ಮಾಡಿದ ಗಾಳಿಯನ್ನು ಎಂಜಿನ್‌ಗೆ ಹೋಗುವ ಮೊದಲು ತಂಪು ಮಾಡುವ ಭಾಗವೇ ಇಂಟರ್‌ಕೂಲರ್. ಟರ್ಬೊ ಕಾರಿನ ಇಂಟರ್‌ಕೂಲರ್ ಬಗ್ಗೆ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು, "ಹೊರಗೆ ಬರೋ ಗಾಳಿ ಎಷ್ಟು ಡಿಗ್ರಿ?" ಅಂತ. ಆ ಒಂದೇ ಅಂಕಿ ಹಿಡಿದುಕೊಂಡು ಯಾವ ತೀರ್ಮಾನಕ್ಕೂ ಬರಲಾಗದು. ತಂಪು ಹೊತ್ತಿನಲ್ಲಿ ಒಂದು ಸಲ ಆಕ್ಸಿಲರೇಟರ್ ಒತ್ತಿ ಹತ್ತು ಸೆಕೆಂಡಿನಲ್ಲಿ ಕಾಲು ತೆಗೆದರೆ ಕಳಪೆ ಇಂಟರ್‌ಕೂಲರ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜವಾದ ಯೋಗ್ಯತೆ ಗೊತ್ತಾಗುವುದು ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸುವ ನಾಲ್ಕನೆಯ, ಐದನೆಯ ಓಟದಲ್ಲಿ, ಮತ್ತು ಎರಡು ಓಟಗಳ ನಡುವೆ ಅದು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದರಲ್ಲಿ. ಈ ಬರಹದ ಕ್ರಮವೆಲ್ಲ ಅದನ್ನು ಅಳೆಯುವುದಕ್ಕೇ ಇದೆ.

ಬಿಸಿ ಎಷ್ಟು, ಎಲ್ಲಿಂದ

ಟರ್ಬೊ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಬಿಸಿಯಾಗುತ್ತದೆ. ಎಷ್ಟು ಬಿಸಿಯಾಗಬಹುದೆಂದು ಮೊದಲೇ ಲೆಕ್ಕ ಹಾಕಿಕೊಂಡರೆ ಸೆನ್ಸರ್ ತಪ್ಪು ಹೇಳಿದಾಗ ಕೂಡಲೇ ಸಿಕ್ಕಿಬೀಳುತ್ತದೆ. ಸುತ್ತಲಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಬೂಸ್ಟ್ (ವಾತಾವರಣದ ಒತ್ತಡಕ್ಕಿಂತ ಮೇಲೆ ಟರ್ಬೊ ಸೇರಿಸುವ ಒತ್ತಡ) 1 ಬಾರ್ ಎಂದಿಟ್ಟುಕೊಳ್ಳಿ. ವಾತಾವರಣದ ಒತ್ತಡವನ್ನೂ ಸೇರಿಸಿದರೆ ಟರ್ಬೊ ಗಾಳಿಯ ಒತ್ತಡವನ್ನು ಸುಮಾರು ಎರಡರಷ್ಟು ಮಾಡುತ್ತಿದೆ. ಯಾವ ನಷ್ಟವೂ ಇಲ್ಲದ ಟರ್ಬೊ ಆಗಿದ್ದರೂ ಗಾಳಿ 66 ಡಿಗ್ರಿ ಮೇಲೇರುತ್ತಿತ್ತು. ಟರ್ಬೊದಲ್ಲಿ ಗಾಳಿ ಅದುಮುವ ಭಾಗದ (ಕಂಪ್ರೆಸರ್) ದಕ್ಷತೆ ಶೇ. 70 ಇದ್ದರೆ ಏರಿಕೆ 95 ಡಿಗ್ರಿ, ಅಂದರೆ ಇಂಟರ್‌ಕೂಲರ್ ಬಾಯಿಗೆ ಬರುವ ಗಾಳಿ ಸುಮಾರು 125 ಡಿಗ್ರಿ. ಇಷ್ಟು ಬೂಸ್ಟ್‌ನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗಲೂ, ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ, ಒಳಬಾಯಿಯ ಸೆನ್ಸರ್ 70 ಡಿಗ್ರಿ ತೋರಿಸಿದರೆ ಟರ್ಬೊವನ್ನು ಹೊಗಳಬೇಡಿ, ಸೆನ್ಸರನ್ನು ಪರೀಕ್ಷಿಸಿ.

ಗಾಳಿಯ ಹರಿವು ಸೆಕೆಂಡಿಗೆ 0.15 ಕಿಲೋಗ್ರಾಂ ಎಂದುಕೊಳ್ಳೋಣ. ಪೆಟ್ರೋಲ್ ಎಂಜಿನ್‌ನಲ್ಲಿ ಇದು ಸುಮಾರು 200 ಅಶ್ವಶಕ್ತಿಗೆ ಬೇಕಾಗುವ ಗಾಳಿ. ಇದನ್ನು 125ರಿಂದ 49 ಡಿಗ್ರಿಗೆ ಇಳಿಸಬೇಕಾದರೆ ಇಂಟರ್‌ಕೂಲರ್ ಪ್ರತಿ ಕ್ಷಣವೂ 11.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುತ್ತಿರಬೇಕು. 10 ಸೆಕೆಂಡಿನ ಓಟಕ್ಕೆ 115 ಕಿಲೋಜೂಲ್ ಆಯಿತು. ಅಲ್ಯೂಮಿನಿಯಂ ಕೋರ್ (ಕೊಳವೆಗಳೂ ತೆಳು ತಗಡಿನ ಫಿನ್‌ಗಳೂ ಇರುವ ಇಂಟರ್‌ಕೂಲರ್‌ನ ನಡುಭಾಗ) 5 ಕಿಲೋ ತೂಕವಿದ್ದರೆ ಅದನ್ನು ಒಂದು ಡಿಗ್ರಿ ಬಿಸಿ ಮಾಡಲು 4.5 ಕಿಲೋಜೂಲ್ ಬೇಕು. ಹಾಗಾಗಿ ಹೊರಗಿನಿಂದ ಒಂದು ಚೂರೂ ತಂಪು ಗಾಳಿ ತಾಗದಿದ್ದರೂ, ಆ ಹತ್ತು ಸೆಕೆಂಡಿನ ಶಾಖವನ್ನೆಲ್ಲ ಲೋಹವೇ ನುಂಗಿಕೊಂಡು ಬರೀ 25 ಡಿಗ್ರಿ ಬಿಸಿಯಾಗುತ್ತದೆ. ಮೊದಲ ಓಟದಲ್ಲಿ ದಪ್ಪ ಕೋರ್‌ಗಳೆಲ್ಲ ಚೆನ್ನಾಗಿ ಕಾಣುವುದಕ್ಕೆ ಇದೇ ಕಾರಣ. ಲೋಹ ಬಿಸಿ ನುಂಗುವುದು ಬೇರೆ, ಬಿಸಿಯನ್ನು ಹೊರಗಿನ ಗಾಳಿಗೆ ದಾಟಿಸುವುದು ಬೇರೆ. ಪರೀಕ್ಷೆಯಲ್ಲಿ ಇವೆರಡನ್ನೂ ಬಿಡಿಸಿ ನೋಡಬೇಕು.

ಮೊದಲು ಸೋರಿಕೆ ನೋಡಿ

ಸೋರುವ ಪೈಪು ಇಟ್ಟುಕೊಂಡು ತಾಪ ಅಳೆದರೆ ಇಡೀ ದಿನದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ. ಗಾಳಿ ಸೋರಿದರೆ ಅದೇ ಬೂಸ್ಟ್ ಮುಟ್ಟಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಬೇಕು, ಗಾಳಿ ಇನ್ನಷ್ಟು ಬಿಸಿಯಾಗಬೇಕು. ಕೊನೆಗೆ ತಪ್ಪು ಇಂಟರ್‌ಕೂಲರ್ ತಲೆಗೆ ಬರುತ್ತದೆ.

ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಟರ್ಬೊದ ಹೊರಬಾಯಿಯ ಹೋಸ್ ಬಿಚ್ಚಿ ಅಲ್ಲಿ ಒಂದು ಬಿರಡೆ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕಡೆ ಇನ್ನೊಂದು ಬಿರಡೆ ಹಾಕಿ, ಒಂದರಲ್ಲಿ ಟೈರ್ ವಾಲ್ವ್ ಇರಲಿ. ಹೀಗೆ ಇಂಟರ್‌ಕೂಲರ್ ಮತ್ತು ಪೈಪುಗಳನ್ನಷ್ಟೇ ಬೇರ್ಪಡಿಸಿಕೊಂಡರೆ ಒತ್ತಡ ಎಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸ್ ಒಳಗೆ ಹೋಗುವುದಿಲ್ಲ. ಟರ್ಬೊದ ಒಳಬಾಯಿಯಿಂದಲೇ ಗಾಳಿ ತುಂಬುವವರು ಕ್ರ್ಯಾಂಕ್‌ಕೇಸ್‌ನ ಹವೆ ಹೊರಬಿಡುವ ಬ್ರೀದರ್ ಹೋಸನ್ನು ಮುಚ್ಚಲು ಮರೆತರೆ ಆಯಿಲ್ ಸೀಲ್‌ಗಳು ಹಾಳಾಗುತ್ತವೆ. ರೆಗ್ಯುಲೇಟರ್ ಇಟ್ಟು 0.3 ಬಾರ್‌ನಿಂದ ಶುರುಮಾಡಿ, ಮೆಲ್ಲಗೆ 0.7 ಬಾರ್‌ವರೆಗೆ ಏರಿಸಿ. ಹೆಚ್ಚಿನ ಸೋರಿಕೆಗಳು ಅಷ್ಟರಲ್ಲೇ ಸಿಗುತ್ತವೆ. ಕಾರು ಓಡುವ ಬೂಸ್ಟ್‌ಗಿಂತ ಮೇಲೆ ಯಾವ ಕಾರಣಕ್ಕೂ ಹೋಗಬೇಡಿ. ಬಿರಡೆಯ ನೇರಕ್ಕೆ ಮುಖವಾಗಲಿ ಕೈಯಾಗಲಿ ಇರಬಾರದು. ಕ್ಲಾಂಪ್ ಜಾರಿದರೆ ಬಿರಡೆ ಗುಂಡಿನಂತೆ ಹಾರುತ್ತದೆ.

ಸೋಪು ನೀರನ್ನು ಪ್ರತಿ ಜೋಡಣೆಗೂ ಸಿಂಪಡಿಸಿ. ದೊಡ್ಡ ಗುಳ್ಳೆ ಎದ್ದರೆ ಯಾರಿಗೂ ಕಾಣುತ್ತದೆ. ಸಣ್ಣ ಸೋರಿಕೆಯಲ್ಲಿ ಕ್ಲಾಂಪಿನ ಅಂಚಿಗೆ ಬಿಳಿ ನೊರೆ ದಾರದಂತೆ ನಿಧಾನವಾಗಿ ಕೂಡಿಕೊಳ್ಳುತ್ತದೆ, ಅದಕ್ಕೆ ಅರ್ಧ ನಿಮಿಷ ಕಾಯಬೇಕು. ಕೋರ್‌ನ ತುದಿಯಲ್ಲಿ ಡಬ್ಬಿಯಂತಿರುವ ಪ್ಲಾಸ್ಟಿಕ್ ಎಂಡ್ ಟ್ಯಾಂಕನ್ನು ಅಲ್ಯೂಮಿನಿಯಂ ಅಂಚು ಮಡಚಿ ಹಿಡಿದಿರುವ ಕಡೆ, ಅದರಲ್ಲೂ ಮೂಲೆಗಳಲ್ಲಿ, ಹೆಚ್ಚು ಹೊತ್ತು ನೋಡಿ. ಹಳೆಯ ಕಾರುಗಳಲ್ಲಿ ಬಹಳ ಸಲ ಸೋರುವುದು ಅಲ್ಲೇ.

ಪೈಪು ಬಿಚ್ಚಿದಾಗಲೇ ಒಳಗೆ ಎಣ್ಣೆ ಎಷ್ಟಿದೆ ನೋಡಿ. ಬೆರಳಿಗೆ ಜಿಡ್ಡು ಹತ್ತುವಷ್ಟಿದ್ದರೆ ಸಹಜ. ಇಂಟರ್‌ಕೂಲರ್ ಬಗ್ಗಿಸಿದಾಗ ಎಣ್ಣೆ ಸುರಿದರೆ ಟರ್ಬೊ ಸೀಲ್ ಅಥವಾ ಬ್ರೀದರ್ ವ್ಯವಸ್ಥೆಯಲ್ಲಿ ತೊಂದರೆಯಿದೆ, ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ. ದ್ರಾವಕ ಹಾಕಿ ತೊಳೆದ ಕೋರನ್ನು ಪೂರ್ತಿ ಒಣಗಿಸಿಯೇ ಕೂರಿಸಿ. ಡೀಸೆಲ್ ಎಂಜಿನ್ ಒಳಗೆ ಉಳಿದ ದ್ರಾವಕವನ್ನೇ ಇಂಧನ ಮಾಡಿಕೊಂಡು ಹಿಡಿತ ತಪ್ಪಿ ಓಡಬಹುದು.

ಸೆನ್ಸರ್ ಯಾವುದು, ಎಲ್ಲಿ

ಕನಿಷ್ಠ ಮೂರು ತಾಪ ಬೇಕು: ಇಂಟರ್‌ಕೂಲರ್‌ಗೆ ಒಳಹೋಗುವ ಗಾಳಿಯದು, ಹೊರಬರುವ ಗಾಳಿಯದು, ಕೋರ್‌ನ ಮುಖಕ್ಕೆ ಬಡಿಯುವ ಹೊರಗಾಳಿಯದು. ನಾಲ್ಕನೆಯದನ್ನು ಕೋರ್‌ನ ಬೆನ್ನಿಗೆ ಇಟ್ಟರೆ ದೋಷ ಹುಡುಕುವಾಗ ತುಂಬಾ ಕೆಲಸಕ್ಕೆ ಬರುತ್ತದೆ.

ಕಾರಿನ ಕಂಪ್ಯೂಟರ್‌ನ ಅಂಕಿಗಳನ್ನು ಓದುವ ಓಬಿಡಿ ಸಾಕೆಟ್‌ಗೆ ಅಡಾಪ್ಟರ್ ಚುಚ್ಚಿ "ಇನ್‌ಟೇಕ್ ಏರ್ ಟೆಂಪರೇಚರ್" ನೋಡಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಆ ಸೆನ್ಸರ್ ಕೂತಿರುವ ಜಾಗ ಕಾರಿನಿಂದ ಕಾರಿಗೆ ಬೇರೆ. ಎಷ್ಟೋ ಕಾರುಗಳಲ್ಲಿ ಅದು ಏರ್ ಫಿಲ್ಟರ್ ಪಕ್ಕದ ಮಾಸ್ ಏರ್‌ಫ್ಲೋ ಸೆನ್ಸರ್ ಒಳಗೇ ಇರುತ್ತದೆ, ಅಂದರೆ ಟರ್ಬೊಗಿಂತ ಮೊದಲು. ಅದರ ಅಂಕಿಗೂ ಇಂಟರ್‌ಕೂಲರ್‌ಗೂ ಸಂಬಂಧವಿಲ್ಲ. ಇನ್ನು ಕೆಲವದರಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಮೇಲೆ ಒತ್ತಡದ ಸೆನ್ಸರ್ ಜೊತೆ ಸೇರಿಕೊಂಡಿರುತ್ತದೆ. ಅದು ಉಪಯೋಗಕ್ಕೆ ಬರುತ್ತದೆ, ಆದರೆ ಎಂಜಿನ್ ಬಿಸಿ ಮ್ಯಾನಿಫೋಲ್ಡ್ ಲೋಹದ ಮೂಲಕ ಏರಿ ಕಾರು ನಿಂತಾಗ ಸುಳ್ಳು ಅಂಕಿ ಕೊಡುತ್ತದೆ. ಇಂಟರ್‌ಕೂಲರ್ ಗಾಳಿಯ ತಾಪಕ್ಕೆಂದೇ ಓಬಿಡಿಯಲ್ಲಿ 77 (ಹೆಕ್ಸಾಡೆಸಿಮಲ್) ಎಂಬ ಪಿಐಡಿ, ಅಂದರೆ ಆ ಅಂಕಿ ಕೇಳುವ ಸಂಕೇತ, ಇದೆ, ಆದರೆ ಎಲ್ಲ ಕಾರುಗಳೂ ಅದನ್ನು ಕೊಡುವುದಿಲ್ಲ. ಡೀಸೆಲ್ ಕಾರುಗಳಲ್ಲಿ ಇನ್ನೊಂದು ತೊಡಕು: ಇಜಿಆರ್ ಅನಿಲ (ಎಂಜಿನ್‌ಗೆ ಮರಳಿ ಬಿಡುವ ಹೊಗೆ) ಸಾಮಾನ್ಯವಾಗಿ ಇಂಟರ್‌ಕೂಲರ್ ದಾಟಿದ ಮೇಲೆ ಸೇರಿಕೊಳ್ಳುತ್ತದೆ, ಆದ್ದರಿಂದ ಅದು ಸೇರುವ ಜಾಗಕ್ಕಿಂತ ಹಿಂದೆಯೇ ಅಳೆಯಿರಿ.

ಹಾಗಾಗಿ ನಿಮ್ಮದೇ ಸೆನ್ಸರ್ ಹಾಕುವುದು ಒಳ್ಳೆಯದು. ಕೂಲಂಟ್‌ಗೆ ಬಳಸುವ, ಹಿತ್ತಾಳೆ ಟೋಪಿ ಮುಚ್ಚಿದ ಸೆನ್ಸರ್ ಬೇಡ. ಹಿತ್ತಾಳೆ ಬಿಸಿಯಾಗುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ತುದಿಯಲ್ಲಿ ಪ್ಲಾಸ್ಟಿಕ್ ಪಂಜರದೊಳಗೆ ಸಣ್ಣ ಮಣಿ ಕಾಣುವ ಓಪನ್ ಎಲಿಮೆಂಟ್ ಏರ್ ಸೆನ್ಸರ್ ಆಗಬಹುದು, ಇಲ್ಲವೇ ತುದಿ ಬಿಚ್ಚಿರುವ ತೆಳು ತಂತಿಯ ಕೆ-ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದ ತಾಪದ ಸೆನ್ಸರ್). ಒಳಬಾಯಿಯಲ್ಲಿ 150 ಡಿಗ್ರಿಯವರೆಗೆ ಹೋಗಬಹುದಾದ್ದರಿಂದ ಆ ಜಾಗಕ್ಕೆ ಥರ್ಮೋಕಪಲ್ ಮೇಲು.

ಪೈಪಿಗೆ ಸೆನ್ಸರ್ ಕೂರಿಸುವ ಅಲ್ಯೂಮಿನಿಯಂ ಬಂಗ್ ವೆಲ್ಡ್ ಮಾಡಿಸಿ, ಪೈಪು ಬಿಚ್ಚಿಕೊಂಡೇ ಕೊರೆಯಿರಿ. ಒಂದು ಚೂರು ಲೋಹದ ಸಿಪ್ಪೆ ಒಳಗುಳಿದರೂ ಅದು ನೇರ ಎಂಜಿನ್‌ಗೆ ಹೋಗುತ್ತದೆ. ಮಣಿ ಪೈಪಿನ ನಡುಭಾಗದಲ್ಲಿರಲಿ, 60 ಮಿ.ಮೀ. ಪೈಪಿನಲ್ಲಿ ಗೋಡೆಯಿಂದ 20ರಿಂದ 30 ಮಿ.ಮೀ. ಒಳಗೆ. ಗೋಡೆಗೆ ಅಂಟಿಕೊಂಡರೆ ಅದು ಪೈಪಿನ ತಾಪ ಹೇಳುತ್ತದೆ, ಗಾಳಿಯದ್ದಲ್ಲ. ಎರಡೂ ಸೆನ್ಸರ್‌ಗಳು ಇಂಟರ್‌ಕೂಲರ್‌ನ ಬಾಯಿಗಳಿಂದ 10–15 ಸೆಂ.ಮೀ. ಅಂತರದಲ್ಲಿದ್ದರೆ ಉದ್ದದ ಪೈಪುಗಳು ಕಳೆದುಕೊಳ್ಳುವ ಬಿಸಿ ಲೆಕ್ಕದಲ್ಲಿ ಸೇರುವುದಿಲ್ಲ.

ಹೊರಗಾಳಿಯ ಸೆನ್ಸರನ್ನು ಕೋರ್‌ನ ಮುಂದೆ ಎರಡು ಬೆರಳು ದೂರದಲ್ಲಿ, ಲೋಹ ತಾಗದಂತೆ, ಬಿಸಿಲು ನೇರ ಬೀಳದಂತೆ ತೂಗುಬಿಡಿ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಅಂಕಿಯನ್ನು ಬಳಸಬೇಡಿ. ಅದರ ಸೆನ್ಸರ್ ಬೇರೆಲ್ಲೋ ಇರುತ್ತದೆ, ಬದಲಾಗುವುದೂ ನಿಧಾನ. ರೇಡಿಯೇಟರ್ ಅಥವಾ ಎ.ಸಿ. ಕಂಡೆನ್ಸರ್ ಹಿಂದೆ ಕೂತ ಇಂಟರ್‌ಕೂಲರ್ ಆದರೆ ಅದಕ್ಕೆ ಸಿಗುವುದೇ ಬಿಸಿಗಾಳಿ, ಡ್ಯಾಶ್‌ಬೋರ್ಡ್ ಅದನ್ನು ಎಂದೂ ಹೇಳುವುದಿಲ್ಲ.

ಹಾಕುವ ಮೊದಲು ಎಲ್ಲ ಸೆನ್ಸರ್‌ಗಳನ್ನೂ ಒಟ್ಟಿಗೆ ಕಟ್ಟಿ, ಪುಡಿ ಮಾಡಿದ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ ಅದ್ದಿ. ಅಲ್ಲಿ 0 ಬರಬೇಕು. ಆಮೇಲೆ ಕುದಿಯುವ ನೀರಿನಲ್ಲಿ ನೋಡಿ. ಸಮುದ್ರ ಮಟ್ಟದಲ್ಲಿ 100, ಎತ್ತರ 300 ಮೀಟರ್ ಏರಿದ ಹಾಗೆ ಹೆಚ್ಚುಕಡಿಮೆ ಒಂದೊಂದು ಡಿಗ್ರಿ ಕಡಿಮೆ. ನೀರು ತಾಗಬಾರದ ಸೆನ್ಸರ್ ಆದರೆ ತೆಳು ಪ್ಲಾಸ್ಟಿಕ್ ಚೀಲದೊಳಗಿಟ್ಟು ಅದ್ದಿ, ಹೆಚ್ಚು ಹೊತ್ತು ಬಿಡಿ. ಸಾಧಾರಣ ದರ್ಜೆಯ ಕೆ-ಟೈಪ್‌ಗೆ 2.2 ಡಿಗ್ರಿ ಆಚೀಚೆ ಆಗಲು ಅವಕಾಶವಿದೆ, ಅಂದರೆ ಎರಡರ ನಡುವೆ 4 ಡಿಗ್ರಿಗೂ ಮೀರಿದ ಅಂತರ ಇರಬಹುದು. ಯಾವುದು ಎಷ್ಟು ಹೆಚ್ಚು ತೋರಿಸುತ್ತದೆ ಎಂದು ಬರೆದಿಟ್ಟು ಆಮೇಲೆ ಕಳೆಯಿರಿ.

ಒತ್ತಡ ನಷ್ಟವನ್ನೂ ಅಳೆಯಬೇಕು

ತಾಪ ಮಾತ್ರ ನೋಡಿ ಇಂಟರ್‌ಕೂಲರ್ ಆರಿಸುವುದು ದೊಡ್ಡ ತಪ್ಪು. ಫಿನ್‌ಗಳನ್ನು ಒತ್ತೊತ್ತಾಗಿ ತುಂಬಿದರೆ ಗಾಳಿ ತಂಪಾಗುತ್ತದೆ, ಜೊತೆಗೆ ಉಸಿರೂ ಕಟ್ಟುತ್ತದೆ.

ಮೊದಲಿನ ಉದಾಹರಣೆಗೇ ಬನ್ನಿ. ಒಳಗೆ 125, ಹೊರಗೆ 49 ಡಿಗ್ರಿ. ತಾಪ ಇಳಿದದ್ದರಿಂದ ಗಾಳಿಯ ಸಾಂದ್ರತೆ ಶೇ. 24ರಷ್ಟು ಏರಿತು. ಅದೇ ಹೊತ್ತಿಗೆ ಕೋರ್ ದಾಟುವಾಗ 0.1 ಬಾರ್, ಅಂದರೆ ಸುಮಾರು 1.5 ಪಿಎಸ್‌ಐ, ಕಳೆದುಹೋದರೆ ಕೈಗೆ ಸಿಗುವ ಲಾಭ ಶೇ. 17 ಮಾತ್ರ. ಇನ್ನೊಂದು ಇಂಟರ್‌ಕೂಲರ್ ಅದೇ ಗಾಳಿಯನ್ನು 57 ಡಿಗ್ರಿಗಷ್ಟೇ ಇಳಿಸಿ, ಅರ್ಧದಷ್ಟು ಅಂದರೆ 0.05 ಬಾರ್ ಕಳೆದರೆ ಅಲ್ಲಿಯೂ ಲಾಭ ಸುಮಾರು ಶೇ. 17–18. ಎಂಟು ಡಿಗ್ರಿ ಬಿಸಿಯಾಗಿದ್ದರೂ ಎಂಜಿನ್‌ಗೆ ಹೋದ ಗಾಳಿ ಅಷ್ಟೇ. ನಾಕ್ (ಬಿಸಿಗೆ ಇಂಧನ ತಾನಾಗಿ ಹೊತ್ತಿ ಬಡಿಯುವುದು) ಆಗುವ ಪೆಟ್ರೋಲ್ ಎಂಜಿನ್‌ನಲ್ಲಿ ಆ ಎಂಟು ಡಿಗ್ರಿಗೆ ಬೇರೆ ಬೆಲೆ ಇದೆ, ನಿಜ. ಆದರೆ ಕಳೆದ 0.1 ಬಾರನ್ನು ತುಂಬಿಸಲು ಟರ್ಬೊ ಇನ್ನಷ್ಟು ಅದುಮಿದರೆ ಒಳಬಾಯಿಯ ಗಾಳಿ ಇನ್ನೂ 7 ಡಿಗ್ರಿ ಬಿಸಿಯಾಗುತ್ತದೆ ಎಂಬುದನ್ನೂ ಎದುರಿಗಿಟ್ಟು ತೂಗಬೇಕು.

ಅಳೆಯಲು ಕೋರ್‌ನ ಎರಡೂ ಕಡೆ 2–3 ಮಿ.ಮೀ. ತೂತಿನ ನಳಿಗೆ ಹಾಕಿ. ತೂತು ಗಾಳಿಯ ಹರಿವಿಗೆ ಅಡ್ಡಲಾಗಿ, ಪೈಪಿನ ಗೋಡೆಗೆ ಸಮನಾಗಿರಬೇಕು, ಒಳಗೆ ಮುಳ್ಳು ಉಳಿದಿರಬಾರದು. ಬೆಂಡ್ ದಾಟಿದ ಕೂಡಲೇ ತೂತು ಹಾಕಿದರೆ ಅಂಕಿ ಕೆಡುತ್ತದೆ. ಎರಡೂ ಕಡೆ ಪೈಪಿನ ಅಳತೆ ಒಂದೇ ಇದ್ದರೆ ಒಳ್ಳೆಯದು. ಸಣ್ಣ ಪೈಪಿನಲ್ಲಿ ಗಾಳಿ ವೇಗವಾಗಿ ಹರಿಯುವುದರಿಂದ ಗೋಡೆಯ ಒತ್ತಡ ಕಡಿಮೆ ತೋರಿ, ಆ ವ್ಯತ್ಯಾಸ ಇಂಟರ್‌ಕೂಲರ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡು ಕಡೆಯ ಒತ್ತಡದ ವ್ಯತ್ಯಾಸವನ್ನೇ ಹೇಳುವ ಡಿಫರೆನ್ಷಿಯಲ್ ಸೆನ್ಸರ್ ಸಿಕ್ಕರೆ ಅದೇ ಉತ್ತಮ. ಎರಡು ಬೂಸ್ಟ್ ಸೆನ್ಸರ್ ಬಳಸುವುದಾದರೆ ಎಂಜಿನ್ ಆರಿಸಿದಾಗ ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಿಕೊಳ್ಳಿ. ನಾವು ಹುಡುಕುತ್ತಿರುವುದೇ 0.1 ಬಾರ್, ಸೆನ್ಸರ್ ಅದರ ಅರ್ಧದಷ್ಟು ತಪ್ಪಿದರೂ ಅಳತೆ ಕಸಕ್ಕೆ.

ಗಾಳಿಯ ಹರಿವು ಇಮ್ಮಡಿಯಾದರೆ ಒತ್ತಡ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. 3,000 ಆರ್‌ಪಿಎಂನಲ್ಲಿ ಇಲ್ಲವೆಂಬಂತೆ ಕಾಣುವ ನಷ್ಟ 6,000ದಲ್ಲಿ ಕತ್ತು ಹಿಸುಕುತ್ತದೆ. ಗರಿಷ್ಠ ಹರಿವಿನಲ್ಲಿ 0.07ರಿಂದ 0.15 ಬಾರ್ ಒಳಗಿದ್ದರೆ ಸಾಮಾನ್ಯ ಬಳಕೆಯ ಕಾರಿಗೆ ಒಪ್ಪಬಹುದು. ಅದಕ್ಕೂ ಮೇಲೆ ಹೋದರೆ ಕೋರ್ ಚಿಕ್ಕದು, ಎಂಡ್ ಟ್ಯಾಂಕಿನ ಆಕಾರ ಸರಿಯಿಲ್ಲ, ಅಥವಾ ಒಳಗೆ ಏನೋ ಕಟ್ಟಿಕೊಂಡಿದೆ.

ಓಟದ ಕ್ರಮ

ಇದನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡಬಾರದು. ಮುಚ್ಚಿದ ಟ್ರ್ಯಾಕ್ ಬೇಕು, ಅಥವಾ ಲೋಡ್ ಹಿಡಿದಿಡಬಲ್ಲ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ). ಚಾಲಕ ದಾರಿ ನೋಡಲಿ, ಸೆನ್ಸರ್ ಅಂಕಿಗಳನ್ನು ಬರೆದಿಡುವ ಲಾಗರ್ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ.

ಲಾಗರ್ ಸೆಕೆಂಡಿಗೆ 10 ಸಲವಾದರೂ ದಾಖಲಿಸಬೇಕು. ಮೂರು ತಾಪ, ಎರಡು ಒತ್ತಡ, ಆರ್‌ಪಿಎಂ, ಥ್ರಾಟಲ್, ವೇಗ ಬೇಕೇ ಬೇಕು. ಪೆಟ್ರೋಲ್ ಕಾರಾದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಕೂಡ. ಓಬಿಡಿ ಅಡಾಪ್ಟರ್‌ನಿಂದ ಓದುವವರು ಒಂದೇ ಸಲಕ್ಕೆ ಹದಿನೈದು ಅಂಕಿ ಕೇಳಿದರೆ ಪ್ರತಿಯೊಂದೂ ತಡವಾಗಿ ಬರುತ್ತದೆ, ಬೇಕಾದ ನಾಲ್ಕೈದನ್ನು ಮಾತ್ರ ಕೇಳಿ.

1. ಎ.ಸಿ. ಆರಿಸಿ. ಕಂಡೆನ್ಸರ್ ಬಿಸಿ ಇಂಟರ್‌ಕೂಲರ್ ಮೇಲೆ ಬೀಳಬಾರದು.

2. ಎಂಜಿನ್, ಆಯಿಲ್ ಎಲ್ಲ ಓಡುವ ತಾಪಕ್ಕೆ ಬರುವವರೆಗೆ 15–20 ನಿಮಿಷ ಹಗುರವಾಗಿ ಓಡಿಸಿ.

3. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ನಿಮಿಷ ಸಮನಾಗಿ ಸಾಗಿ. ಹೊರಬಾಯಿಯ ತಾಪ ಒಂದೆಡೆ ನಿಲ್ಲಬೇಕು. ಅದೇ ಆರಂಭದ ಅಂಕಿ.

4. ಮೂರನೆಯ ಅಥವಾ ನಾಲ್ಕನೆಯ ಗೇರ್‌ನಲ್ಲಿ 2,000 ಆರ್‌ಪಿಎಂನಿಂದ ಫುಲ್ ಥ್ರಾಟಲ್ ಕೊಟ್ಟು ರೆಡ್‌ಲೈನ್‌ಗೆ (ಎಂಜಿನ್‌ನ ಗರಿಷ್ಠ ಮಿತಿಗೆ) 300–500 ಆರ್‌ಪಿಎಂ ಮೊದಲು ಕಾಲು ತೆಗೆಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್‌ನಲ್ಲಿ ಗೇರ್ ಹಿಡಿದಿಡಿ, ನಡುವೆ ಕಿಕ್‌ಡೌನ್ ಆದರೆ ಆ ಓಟ ಲೆಕ್ಕಕ್ಕಿಲ್ಲ.

5. ಮತ್ತೆ 80ಕ್ಕೆ ಇಳಿದು ಸರಿಯಾಗಿ 60 ಸೆಕೆಂಡು ಸಾಗಿ, ಮತ್ತೆ ಓಡಿಸಿ. ಹೀಗೆ ಒಟ್ಟು ಐದು ಓಟ. ಈ 60 ಸೆಕೆಂಡನ್ನು ಗಡಿಯಾರ ನೋಡಿಯೇ ಹಿಡಿಯಬೇಕು. ಒಂದು ಸಲ 40, ಇನ್ನೊಂದು ಸಲ 90 ಆದರೆ ಓಟಗಳನ್ನು ಹೋಲಿಸಲು ಬರುವುದಿಲ್ಲ.

6. ಐದನೆಯದು ಮುಗಿದ ಮೇಲೆ 80ರಲ್ಲೇ ಸಾಗುತ್ತಾ, ಹೊರಬಾಯಿಯ ತಾಪ ಆರಂಭದ ಅಂಕಿಗಿಂತ 3 ಡಿಗ್ರಿ ಮೇಲಿನ ಮಟ್ಟಕ್ಕೆ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತೆಂದು ಗುರುತಿಸಿ.

7. ಕೊನೆಗೆ ಕಾರು ನಿಲ್ಲಿಸಿ 10 ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಹೀಟ್ ಸೋಕ್, ಅಂದರೆ ನಿಂತ ಕಾರಿನಲ್ಲಿ ಎಂಜಿನ್ ಬಿಸಿಯನ್ನು ಇಂಟರ್‌ಕೂಲರ್ ಹೀರಿಕೊಳ್ಳುವುದು, ಕಾಣುವುದು ಇಲ್ಲಿ. ಎಂಜಿನ್ ಮೇಲೇ ಕೂರುವ ಟಾಪ್ ಮೌಂಟ್ ಇಂಟರ್‌ಕೂಲರ್‌ನಲ್ಲಿ ಹೊರಬಾಯಿಯ ತಾಪ ಬಲು ಬೇಗ ಏರುತ್ತದೆ, ಬಂಪರ್ ಹಿಂದಿನ ಫ್ರಂಟ್ ಮೌಂಟ್‌ನಲ್ಲಿ ಅಷ್ಟಾಗಿ ಏರುವುದಿಲ್ಲ. ಆಮೇಲೆ ಹೊರಟು, ಅದು ಎಷ್ಟು ದೂರದಲ್ಲಿ ಇಳಿಯಿತೆಂದು ನೋಡಿ.

ನಾಕ್ ಸದ್ದು ಬಂದರೆ, ಕೂಲಂಟ್ ತಾಪ ಎಂದಿನ ಮಟ್ಟ ಬಿಟ್ಟು ಏರತೊಡಗಿದರೆ, ಅಥವಾ ಬೂಸ್ಟ್ ಇದ್ದಕ್ಕಿದ್ದಂತೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಮಳೆಯಲ್ಲಿ, ಒದ್ದೆ ರಸ್ತೆಯಲ್ಲಿ ಮಾಡಬೇಡಿ. ಕೋರ್ ಮೇಲೆ ಬಿದ್ದ ನೀರು ಆವಿಯಾಗುತ್ತಾ ಬಿಸಿಯನ್ನು ಹೊತ್ತೊಯ್ದು, ಇಲ್ಲದ ಸಾಮರ್ಥ್ಯ ತೋರಿಸುತ್ತದೆ. ಎದುರುಗಾಳಿ ಇದ್ದರೆ ಎರಡೂ ದಿಕ್ಕಿಗೆ ಓಡಿಸಿ.

ಅಂಕಿ ಓದುವುದು

ಇಂಟರ್‌ಕೂಲರ್ ದಕ್ಷತೆಯ ಸೂತ್ರ ಸರಳ: (ಒಳಬಾಯಿಯ ತಾಪ − ಹೊರಬಾಯಿಯ ತಾಪ) ÷ (ಒಳಬಾಯಿಯ ತಾಪ − ಹೊರಗಾಳಿಯ ತಾಪ). ನಮ್ಮ ಉದಾಹರಣೆಯಲ್ಲಿ 76 ÷ 95, ಅಂದರೆ ಶೇ. 80. ಫುಲ್ ಥ್ರಾಟಲ್‌ನ ಕೊನೆಯ ಎರಡು ಮೂರು ಸೆಕೆಂಡಿನ ಅಂಕಿಯನ್ನೇ ಇಲ್ಲಿ ಬಳಸಿ. ಹಗುರವಾಗಿ ಓಡಿಸುವಾಗ ಒಳಬಾಯಿಗೂ ಹೊರಗಾಳಿಗೂ ಅಂತರ 20 ಡಿಗ್ರಿ ಇದ್ದರೆ, ಸೆನ್ಸರ್‌ಗಳ 4 ಡಿಗ್ರಿ ತಪ್ಪು ಫಲಿತಾಂಶವನ್ನು ಶೇ. 20ರಷ್ಟು ಅಲುಗಾಡಿಸುತ್ತದೆ. ಲೆಕ್ಕ ಶೇ. 100 ದಾಟಿದರೆ ಸೆನ್ಸರ್ ತಪ್ಪು ಅಥವಾ ಕೋರ್ ಒದ್ದೆ. ಒಣಗಿದ ಗಾಳಿ-ಗಾಳಿ ಇಂಟರ್‌ಕೂಲರ್ ಹೊರಗಾಳಿಗಿಂತ ತಣ್ಣಗೆ ಮಾಡಲಾರದು.

ದಕ್ಷತೆಗಿಂತ ಹೆಚ್ಚು ಹೇಳುವುದು ಐದು ಓಟಗಳ ಸಾಲು. ಹೊರಗಾಳಿ 30 ಡಿಗ್ರಿ ಇರುವಾಗ ಪ್ರತಿ ಓಟದ ಗರಿಷ್ಠ ಹೊರತಾಪ (ಹೊರಬಾಯಿಯ ತಾಪ) 44, 49, 52, 53, 53 ಎಂದು ಬಂದರೆ, ಅಂತರ ಕಿರಿದಾಗುತ್ತಾ ಒಂದು ಮಟ್ಟಕ್ಕೆ ನಿಂತಿದೆ. ಆ ಇಂಟರ್‌ಕೂಲರ್ ಬಂದಷ್ಟು ಬಿಸಿಯನ್ನು 60 ಸೆಕೆಂಡಿನಲ್ಲಿ ಹೊರಹಾಕುತ್ತಿದೆ. ಇನ್ನೊಂದು 41, 49, 57, 65, 72 ಎಂದು ಹೋದರೆ, ಮೊದಲ ಓಟದಲ್ಲಿ ಅದೇ ಗೆದ್ದಿದ್ದರೂ ಸಾಲು ನಿಲ್ಲುತ್ತಿಲ್ಲ. ಅದರ ಲೋಹ ಬಿಸಿಯನ್ನು ಕೂಡಿಹಾಕುತ್ತಿದೆಯೇ ಹೊರತು ಬಿಡುತ್ತಿಲ್ಲ. ದಪ್ಪ ಪಟ್ಟಿ, ತಗಡು ಪೇರಿಸಿ ಮಾಡಿದ ತೂಕದ ಬಾರ್ ಅಂಡ್ ಪ್ಲೇಟ್ ಕೋರ್‌ಗಳನ್ನು, ಹೊರಗಾಳಿಯನ್ನು ಕೋರ್‌ಗೆ ತರುವ ಸರಿಯಾದ ಡಕ್ಟ್ ಇಲ್ಲದೆ ಕೂರಿಸಿದಾಗ ಈ ಬಗೆಯ ಸಾಲು ಬರುತ್ತದೆ. ಒಂದೇ ಓಟದ ಡೈನೊ ಹಾಳೆ ತೋರಿಸಿ ಮಾರುವವರಲ್ಲಿ ಐದನೆಯ ಓಟದ ಅಂಕಿ ಕೇಳಿ.

ಇಗ್ನಿಷನ್ ಟೈಮಿಂಗ್ ದಾಖಲೆಯನ್ನೂ ಪಕ್ಕದಲ್ಲಿಡಿ. ಹೊರತಾಪ ಏರುತ್ತಾ ಹೋದಂತೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟೈಮಿಂಗ್ ಹಿಂದಕ್ಕೆ ಎಳೆಯುತ್ತಿದ್ದರೆ, ಅದೇ ಆರ್‌ಪಿಎಂನಲ್ಲಿ ಮೊದಲ ಮತ್ತು ಐದನೆಯ ಓಟದ ಅಂಕಿಗಳನ್ನು ಹೋಲಿಸಿದರೆ ಎಂಜಿನ್ ಎಷ್ಟು ಕಳೆದುಕೊಂಡಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಏನೂ ಬದಲಾಗದಿದ್ದರೆ ಹೊಸ ಇಂಟರ್‌ಕೂಲರ್‌ಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲದಿರಬಹುದು.

ಬಿಸಿ ಎಲ್ಲಿ ಸಿಕ್ಕಿಕೊಂಡಿದೆ

ಕೋರ್‌ನ ಬೆನ್ನಿಗೆ ಇಟ್ಟ ನಾಲ್ಕನೆಯ ಸೆನ್ಸರ್ ಈಗ ಕೆಲಸಕ್ಕೆ ಬರುತ್ತದೆ. ಹೊರತಾಪ ಹೆಚ್ಚಾಗಿದೆ, ಬೆನ್ನಿನಿಂದ ಬರುವ ಗಾಳಿಯೂ ತುಂಬಾ ಬಿಸಿಯಾಗಿದೆ ಎಂದಾದರೆ, ಶಾಖ ದಾಟುತ್ತಿದೆ ಆದರೆ ಹೊತ್ತೊಯ್ಯಲು ಹೊರಗಾಳಿ ಸಾಲುತ್ತಿಲ್ಲ. ಡಕ್ಟ್, ಗ್ರಿಲ್, ಮಣ್ಣು ಕಟ್ಟಿದ ಫಿನ್‌ಗಳನ್ನು ನೋಡಿ. ಹೊರತಾಪ ಹೆಚ್ಚಿದ್ದೂ ಬೆನ್ನಿನ ಗಾಳಿ ತಣ್ಣಗಿದ್ದರೆ, ಗಾಳಿ ಬರುತ್ತಿದೆ, ಶಾಖ ಅದಕ್ಕೆ ದಾಟುತ್ತಿಲ್ಲ. ಒಳಗೆ ಎಣ್ಣೆಯ ಪದರ, ಫಿನ್ ಕೊಳವೆಯಿಂದ ಬಿಟ್ಟುಕೊಂಡಿರುವುದು, ಅಥವಾ ಬಿಸಿಗಾಳಿಯೆಲ್ಲ ಎರಡು ಮೂರು ಸಾಲಿನಲ್ಲೇ ನುಗ್ಗಿ ಉಳಿದ ಕೋರ್ ಖಾಲಿ ಕೂತಿರುವುದು ಕಾರಣವಾಗಿರಬಹುದು.

ಆ ಕೊನೆಯದನ್ನು ಪತ್ತೆ ಮಾಡಲು ಓಟ ಮುಗಿದ ಕೂಡಲೇ ಕೋರ್‌ನ ಮೇಲಿನ, ನಡುವಿನ, ಕೆಳಗಿನ ಸಾಲುಗಳ ತಾಪವನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನೋಡಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಬಹಳ ಕಡಿಮೆ ತಾಪ ತೋರಿಸುತ್ತದೆ, ಏಕೆಂದರೆ ಹೊಳಪು ಲೋಹ ತನ್ನ ಬಿಸಿಯನ್ನು ಹೊರಸೂಸುವುದಕ್ಕಿಂತ ಸುತ್ತಲಿನದನ್ನು ಪ್ರತಿಫಲಿಸುವುದೇ ಹೆಚ್ಚು. ಎಂಡ್ ಟ್ಯಾಂಕಿಗೂ ಕೋರ್‌ನ ಚಪ್ಪಟೆ ಅಂಚಿಗೂ ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ, ಆ ಚೂರಿಗೇ ಗುರಿಯಿಟ್ಟು ಓದಿ.

ಹೊರಗಾಳಿ ನಿಜವಾಗಿ ಕೋರ್ ಒಳಗೆ ಹೋಗುತ್ತಿದೆಯೇ? ಮೂರು ಬೆರಳು ಉದ್ದದ ಉಣ್ಣೆ ದಾರಗಳನ್ನು ಕೋರ್‌ನ ಮುಂದೆ, ಅಂಚುಗಳ ಸುತ್ತ ಟೇಪಿನಿಂದ ಅಂಟಿಸಿ, ಸಣ್ಣ ಕ್ಯಾಮೆರಾ ಕಟ್ಟಿ 60–80 ವೇಗದಲ್ಲಿ ಓಡಿಸಿ ನೋಡಿ. ದಾರದ ತುದಿ ಫಿನ್ ಕಡೆಗೆ ನೆಟ್ಟಗೆ ಎಳೆದುಕೊಂಡಿದ್ದರೆ ಸರಿ. ಅಂಚಿನ ದಾರಗಳು ಪಕ್ಕಕ್ಕೆ ವಾಲಿ ಬಂಪರ್ ಸಂದಿನತ್ತ ಓಡುತ್ತಿದ್ದರೆ, ಅಥವಾ ನಡುವಿನದು ಸುಮ್ಮನೆ ಗಿರಗಿರ ಸುತ್ತುತ್ತಿದ್ದರೆ, ಗಾಳಿ ಸುಲಭದ ದಾರಿ ಹಿಡಿದು ಕೋರನ್ನು ಬಳಸಿ ಹೋಗುತ್ತಿದೆ. ಸಂದುಗಳಿಗೆ ದಟ್ಟ ಫೋಮ್ ಪಟ್ಟಿ, ಅಲ್ಯೂಮಿನಿಯಂ ತಗಡು ಹಾಕಿ ಮುಚ್ಚಿ ಮತ್ತೆ ಐದು ಓಟ ಓಡಿಸಿ. ಹೊಸ ಇಂಟರ್‌ಕೂಲರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ಫಿನ್ ಬಾಗಿದ್ದರೆ ಫಿನ್ ಬಾಚಣಿಗೆಯಿಂದ ನೇರ ಮಾಡಿ, ಕೊಳೆ ತೊಳೆಯುವಾಗ ನೀರಿನ ಒತ್ತಡ ಕಡಿಮೆ ಇರಲಿ.

ನೀರಿನ ಇಂಟರ್‌ಕೂಲರ್ ಆದರೆ

ಗಾಳಿ-ನೀರು ಇಂಟರ್‌ಕೂಲರ್‌ಗೆ ಎರಡು ಲೆಕ್ಕ ಬೇಕು. ಕೂಲರ್‌ನ ದಕ್ಷತೆಯನ್ನು ಅದಕ್ಕೆ ಒಳಹೋಗುವ ನೀರಿನ ತಾಪದ ಎದುರು ತೆಗೆಯಿರಿ, ಮುಂದಿನ ರೇಡಿಯೇಟರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಹೊರಗಾಳಿಯ ಎದುರು ಬೇರೆಯಾಗಿ ತೆಗೆಯಿರಿ. ಹೆಚ್ಚಿನ ದೂರುಗಳ ಮೂಲ ಪಂಪ್ ಅಥವಾ ಒಳಗೆ ಸಿಕ್ಕಿದ ಗಾಳಿಗುಳ್ಳೆ. ರಿಟರ್ನ್ ಹೋಸನ್ನು ಬಕೆಟ್‌ಗೆ ಬಿಟ್ಟು, ಟ್ಯಾಂಕಿಗೆ ಮೇಲಿಂದ ನೀರು ತುಂಬುತ್ತಾ, 30 ಸೆಕೆಂಡಿಗೆ ಎಷ್ಟು ಲೀಟರ್ ಬಿತ್ತೆಂದು ಅಳೆಯಿರಿ. ನಿಮಿಷಕ್ಕೆ 15 ಲೀಟರ್ ಹರಿದರೆ 11.5 ಕಿಲೋವ್ಯಾಟ್ ಶಾಖಕ್ಕೆ ನೀರು ಒಂದು ಸುತ್ತಿನಲ್ಲಿ 11 ಡಿಗ್ರಿ ಏರುತ್ತದೆ. 5 ಲೀಟರ್ ಮಾತ್ರ ಹರಿದರೆ 33 ಡಿಗ್ರಿ, ಅಲ್ಲಿಗೆ ಕೂಲರ್‌ನ ಅರ್ಧ ಭಾಗ ಬಿಸಿನೀರಿನ ಪಾತ್ರೆಯಾಗಿರುತ್ತದೆ. ಈ ವ್ಯವಸ್ಥೆಯಲ್ಲಿ ನೀರು ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುವುದರಿಂದ ಐದರ ಬದಲು ಎಂಟು ಹತ್ತು ಓಟ ಓಡಿಸಿದರೆ ಮಾತ್ರ ನಿಲ್ಲುವ ಮಟ್ಟ ಕಾಣುತ್ತದೆ.

ಡೈನೊ ಮೇಲೆ

ಡೈನೊದ ಅನುಕೂಲ ಪುನರಾವರ್ತನೆ. ಅನನುಕೂಲ ಗಾಳಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್, ಸಾಧಾರಣ ಫ್ಯಾನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಅನಿಮೋಮೀಟರ್ ಹಿಡಿದು ಕೋರ್ ಮುಂದೆ ಒಂಬತ್ತು ಕಡೆ ಗಾಳಿಯ ವೇಗ ಬರೆದುಕೊಳ್ಳಿ, ಪ್ರತಿ ಪರೀಕ್ಷೆಯಲ್ಲೂ ಫ್ಯಾನಿನ ಜಾಗವನ್ನು ನೆಲದ ಮೇಲೆ ಗುರುತು ಹಾಕಿ ಅಲ್ಲೇ ಇಡಿ. ಕೋಣೆಯ ಬಿಸಿಗಾಳಿ ಸುತ್ತಿ ಮತ್ತೆ ಫ್ಯಾನಿಗೇ ಬರದಂತೆ ಬಾಗಿಲು ತೆರೆದಿರಲಿ. ಡೈನೊದಲ್ಲಿ ಬಂದ ತಾಪವನ್ನು ಟ್ರ್ಯಾಕಿನ ತಾಪದ ಜೊತೆ ಹೋಲಿಸಬೇಡಿ, ಡೈನೊ ಅಂಕಿಗೆ ಡೈನೊ ಅಂಕಿಯೇ ಸಾಟಿ.

ಎರಡು ಇಂಟರ್‌ಕೂಲರ್ ಹೋಲಿಸುವಾಗ

ಹಳೆಯದು, ಹೊಸದು, ಮತ್ತೆ ಹಳೆಯದು, ಈ ಕ್ರಮದಲ್ಲಿ ಪರೀಕ್ಷಿಸಿ. ಮೊದಲ ಮತ್ತು ಕೊನೆಯ ಹಳೆಯದರ ಅಂಕಿಗಳು 2 ಡಿಗ್ರಿ ಒಳಗೆ ಹೊಂದಿದರೆ ನಡುವಿನ ಹೊಸದರ ಫಲಿತಾಂಶ ನಂಬಬಹುದು. ಹೊಂದದಿದ್ದರೆ ಹವೆ, ಗಾಳಿ, ಸೆನ್ಸರ್ ಯಾವುದೋ ಬದಲಾಗಿದೆ. ಬೂಸ್ಟನ್ನು ಮ್ಯಾನಿಫೋಲ್ಡ್‌ನಲ್ಲಿ ಅಳೆದು ಮೂರೂ ಸಲ ಒಂದೇ ಇರುವಂತೆ ನೋಡಿಕೊಳ್ಳಿ. ಹೊಸ ಕೋರ್ ಒತ್ತಡ ಕಡಿಮೆ ಕಳೆಯುವುದಾದರೆ ಅದೇ ಬೂಸ್ಟ್‌ಗೆ ಟರ್ಬೊ ಹಗುರವಾಗಿ ತಿರುಗಿ ಒಳಬಾಯಿಯ ತಾಪವೂ ಇಳಿದಿರುತ್ತದೆ. ಅದು ಸೆನ್ಸರ್ ತಪ್ಪಲ್ಲ, ಹೊಸ ಕೋರ್‌ಗೇ ಸಲ್ಲುವ ಅಂಕ. ಹೊರಗಾಳಿಯ ತಾಪ ಮೂರು ಪರೀಕ್ಷೆಗಳ ನಡುವೆ 3 ಡಿಗ್ರಿಗಿಂತ ಹೆಚ್ಚು ಬದಲಾದರೆ ಇನ್ನೊಂದು ದಿನ ಅದೇ ಹೊತ್ತಿಗೆ ಮತ್ತೆ ಮಾಡಿ. ಕೋರ್ ಬದಲಿಸಿದಾಗಲೆಲ್ಲ ಸೋಪು ನೀರಿನ ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ಬಿಚ್ಚಿ ಹಾಕಿದ ಕ್ಲಾಂಪುಗಳಲ್ಲಿ ಒಂದಾದರೂ ಸಡಿಲ ಉಳಿದಿರುವುದು ತೀರಾ ಸಾಮಾನ್ಯ.